ರಾಜರಹಸ್ಯ ಮತ್ತು ಪ್ರಜೆಯ ಖಾಸಗಿತನ: ಸರ್ಕಾರಿ ದಾಖಲೆಗಳ ಬಹಿರಂಗತೆಯ ಇತಿಹಾಸದಲ್ಲಿ ಒಂದು ವಿಚಾರ

೧

ಕಂದಾಯ ಎತ್ತುವ ಆಳ್ವಿಕೆಗೆ ಲೆಕ್ಕ ಬೇಕು. ಲೆಕ್ಕಕ್ಕೆ ಬರೆಹ ಬೇಕು. ಬರೆದುದನ್ನು ಕಾಪಾಡಲು ಒಬ್ಬ ಅಧಿಕಾರಿ ಬೇಕು. ಆ ಅಧಿಕಾರಿಯ ವಶದಲ್ಲಿರುವ ಕಾಗದವನ್ನು ಯಾರು ನೋಡಬಹುದು, ಯಾರು ನೋಡಕೂಡದು ಎಂಬ ಪ್ರಶ್ನೆ ಆಡಳಿತದಷ್ಟೇ ಹಳೆಯದು. ಅರಸರ ಯುದ್ಧಗಳನ್ನೂ ವಂಶಾವಳಿಗಳನ್ನೂ ಕುರಿತು ನಡೆದಷ್ಟು ವಿಚಾರ ಈ ಪ್ರಶ್ನೆಯನ್ನು ಕುರಿತು ನಡೆದಿಲ್ಲ. ಆದರೂ ಇತಿಹಾಸಕಾರನ ಕೆಲಸ ಬಹುಮಟ್ಟಿಗೆ ಈ ಪ್ರಶ್ನೆಗೆ ಆಯಾ ಕಾಲ ಕೊಡುವ ಉತ್ತರವನ್ನೇ ಅವಲಂಬಿಸಿದೆ.

ಸರ್ಕಾರದ ದಫ್ತರದಲ್ಲಿ ಮುಚ್ಚಿಟ್ಟಿರುವ ಸಂಗತಿಗಳು ಎರಡು ಬಗೆಯವು. ಆಳುವವರು ತಮ್ಮ ನಡೆಯನ್ನು ಪ್ರಜೆಗಳ ಕಣ್ಣಿಗೆ ಬೀಳದಂತೆ ಇಟ್ಟುಕೊಳ್ಳುವುದು ಒಂದು. ಇದನ್ನು ರಾಜರಹಸ್ಯವೆಂದು ಕರೆಯೋಣ. ಪ್ರಜೆಯೊಬ್ಬನು ಸರ್ಕಾರಕ್ಕೆ ಒಪ್ಪಿಸಿದ ತನ್ನ ಮನೆಮಾತು, ಅಂದರೆ ಅವನ ರೋಗ, ಸಾಲ, ಆದಾಯ, ಸಂಸಾರದ ಸಂಗತಿ, ಪರರ ಕೈಗೆ ಹೋಗದಂತೆ ಉಳಿಯುವುದು ಇನ್ನೊಂದು; ಇದು ಖಾಸಗಿತನ. ಎರಡೂ ಒಂದೇ ಬೀರುವಿನಲ್ಲಿ ಒಂದೇ ಬೀಗದ ಕೆಳಗೆ ಇರುವುದರಿಂದ ಎರಡನ್ನೂ ಒಂದೆಂದು ತಿಳಿಯುವುದು ಸುಲಭ. ಆದರೆ ಅವುಗಳ ಸ್ವಭಾವ ಪರಸ್ಪರ ವಿರುದ್ಧವಾದುದು. ಮೊದಲನೆಯದು ಬಲವಂತನಿಗೆ ರಕ್ಷೆ. ಎರಡನೆಯದು ದುರ್ಬಲನಿಗೆ ರಕ್ಷೆ. ನಮ್ಮ ದೇಶದ ಕಾನೂನು ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿದುದು ತೀರ ಈಚೆಗೆ; ಗುರುತಿಸಿದ ಗೆರೆ ಈಗ ಮತ್ತೆ ಮಸುಕಾಗುವಂತಿದೆ. ಈ ಎರಡು ಮಾತುಗಳನ್ನು ದಾಖಲೆಗಳ ಇತಿಹಾಸದಿಂದಲೇ ತೋರಿಸುವುದು ಈ ಲೇಖನದ ಉದ್ದೇಶ.

೨

ಮೈಸೂರಿನ ಪ್ರಾಚ್ಯ ಗ್ರಂಥ ಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು ೧೯೦೯ರಲ್ಲಿ ಮುದ್ರಣಗೊಂಡ ಕೌಟಿಲ್ಯನ ಅರ್ಥಶಾಸ್ತ್ರದಿಂದ ಈ ವಿಚಾರವನ್ನು ಪ್ರಾರಂಭಿಸಬಹುದು. ಅದರ ಎರಡನೆಯ ಅಧಿಕರಣದಲ್ಲಿ ‘ಅಕ್ಷಪಟಲ’ವೆಂಬ ಲೆಕ್ಕದ ಕಚೇರಿಯ ವರ್ಣನೆಯಿದೆ. ಅದು ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿರಬೇಕು. ಲೆಕ್ಕಿಗರಿಗೆ ಬೇರೆಬೇರೆ ಆಸನಗಳೂ ಪುಸ್ತಕಗಳನ್ನಿಡುವ ಸ್ಥಳವೂ ಅಲ್ಲಿರಬೇಕು. ಅದೇ ಅಧಿಕರಣದಲ್ಲಿ ‘ಗೋಪ’ನೆಂಬ ಅಧಿಕಾರಿಯ ಕರ್ತವ್ಯವನ್ನೂ ಹೇಳಿದೆ. ನಗರದಲ್ಲಿ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಲಗಳಿಗೆ ಒಬ್ಬ ಗೋಪನಿದ್ದು ಅಲ್ಲಿಯ ಸ್ತ್ರೀಪುರುಷರ ಜಾತಿ, ಗೋತ್ರ, ಹೆಸರು, ಕಸುಬುಗಳನ್ನೂ ಆಯವ್ಯಯಗಳನ್ನೂ ತಿಳಿದಿರಬೇಕು. ಹಳ್ಳಿಗಳಲ್ಲಿ ಇಂತಹ ಲೆಕ್ಕ ಸರಿಯೋ ತಪ್ಪೋ ಎಂದು ನೋಡಲು ಗೃಹಸ್ಥರ ವೇಷದ ಗೂಢಚಾರರೂ ಇರುತ್ತಾರೆ. ಗ್ರಂಥ ಹೇಳಿದಂತೆಯೇ ಆಡಳಿತ ನಡೆಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಆದರ್ಶವೇನಿತ್ತೆಂಬುದು ತಿಳಿಯುತ್ತದೆ: ಅರಸನ ಮಂತ್ರಾಲೋಚನೆ ಗೂಢವಾಗಿರಬೇಕು, ಪ್ರಜೆಯ ಮನೆ ಅರಸನಿಗೆ ತೆರೆದಿರಬೇಕು.

ಕನ್ನಡ ನಾಡಿನ ಶಿಲಾಶಾಸನಗಳು ಇನ್ನೊಂದು ಪದ್ಧತಿಗೆ ಸಾಕ್ಷಿ. ದತ್ತಿಕೊಟ್ಟ ಭೂಮಿಯ ಎಲ್ಲೆ, ಕೊಟ್ಟವನ ಹೆಸರು, ಪಡೆದವನ ಹೆಸರು ಇವೆಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸಿ ದೇವಾಲಯದ ಆವರಣದಲ್ಲಿಯೋ ಊರ ಮುಂದೆಯೋ ನಿಲ್ಲಿಸುತ್ತಿದ್ದರು. ದತ್ತಿಯನ್ನು ಅಪಹರಿಸಿದವನಿಗೆ ಶಾಪವನ್ನೂ ಅದರಲ್ಲಿಯೇ ಬರೆಸುತ್ತಿದ್ದರು. ಎಲ್ಲರಿಗೂ ಕಾಣುವಂತಿದ್ದುದೇ ಆ ದಾಖಲೆಯ ಭದ್ರತೆ. ಆದರೆ ಇದು ದಾನಕ್ಕೆ ಸಂಬಂಧಿಸಿದ ಮಾತು. ದಿನದಿನದ ಕಂದಾಯದ ಲೆಕ್ಕ ಕಲ್ಲನ್ನು ಏರಲಿಲ್ಲ. ಅದು ‘ಕಡತ’ದಲ್ಲಿ ಉಳಿಯಿತು. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ ಮಾಡಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಕಾದಾಗ ಅಳಿಸಬಹುದಾಗಿತ್ತು. ಶಾಸನಗಳಲ್ಲಿ ಸೇನಬೋವನೆಂದು ಕಾಣಿಸಿಕೊಳ್ಳುವ, ಮುಂದೆ ಶಾನುಭೋಗನೆನಿಸಿದ ಗ್ರಾಮದ ಕರಣಿಕನಿಗೆ ಈ ಲೆಕ್ಕ ವಂಶಪಾರಂಪರ್ಯವಾಗಿ ಸೇರಿದುದು. ಬಹುಮಟ್ಟಿಗೆ ಅವನ ಮನೆಯೇ ದಫ್ತರಖಾನೆ. ಯಾವ ಹೊಲ ಯಾರದು, ಯಾರ ತಲೆಯ ಮೇಲೆ ಎಷ್ಟು ಬಾಕಿ ಎಂಬುದು ಅವನಿಗೆ ಗೊತ್ತು. ಅವನು ಏನು ಬರೆದಿದ್ದಾನೆಂಬುದು ಒಕ್ಕಲಿಗೆ ಗೊತ್ತಿಲ್ಲ. ರಹಸ್ಯ ಲೆಕ್ಕ ಬರೆಯುವವನದು, ಬಯಲು ಒಕ್ಕಲಿನದು. ಮೈಸೂರು ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ೧೯೬೧ರಲ್ಲಿ ಆಗಿ, ೧೯೬೩ರಲ್ಲಿ ಜಾರಿಗೆ ಬಂದ ಮೇಲೆ ಈ ಪಾರಂಪರ್ಯದ ಹಕ್ಕು ಮುಗಿದು ಸಂಬಳದ ಗ್ರಾಮಲೆಕ್ಕಿಗರು ಬಂದರು. ಪಾತ್ರಧಾರಿಗಳು ಬದಲಾದರು, ಕಾಗದವನ್ನು ನೋಡುವ ಹಕ್ಕು ಆ ಬದಲಾವಣೆಯೊಡನೆ ಬರಲಿಲ್ಲ.

೩

ಬ್ರಿಟಿಷರ ಆಳ್ವಿಕೆಯು ದಾಖಲೆಗಳನ್ನು ಕ್ರಮಪಡಿಸಿತು. ಜೊತೆಗೆ ಅವುಗಳ ಬಾಗಿಲನ್ನೂ ಕ್ರಮವಾಗಿ ಮುಚ್ಚಿತು. ೧೮೭೨ರ ಸಾಕ್ಷ್ಯದ ಕಾಯಿದೆಯ ೭೪ನೆಯ ಕಲಮು ಸಾರ್ವಜನಿಕ ದಸ್ತಾವೇಜು ಯಾವುದೆಂಬುದನ್ನು ವಿವರಿಸಿತು. ಅಂತಹ ದಸ್ತಾವೇಜನ್ನು ನೋಡುವ ಹಕ್ಕುಳ್ಳವನಿಗೆ ಶುಲ್ಕ ಪಡೆದು ದೃಢೀಕರಿಸಿದ ನಕಲನ್ನು ಕೊಡಬೇಕೆಂದು ೭೬ನೆಯ ಕಲಮು ಹೇಳಿತು. ಆದರೆ ನೋಡುವ ಹಕ್ಕು ಯಾರಿಗುಂಟು ಎಂಬುದನ್ನು ಅದು ಹೇಳಲಿಲ್ಲ. ೧೨೩ನೆಯ ಕಲಮಾದರೋ ರಾಜ್ಯದ ವ್ಯವಹಾರಕ್ಕೆ ಸಂಬಂಧಿಸಿದ ಅಪ್ರಕಟಿತ ದಾಖಲೆಗಳಿಂದ ಸಾಕ್ಷ್ಯ ನುಡಿಯಬೇಕಾದರೆ ಇಲಾಖೆಯ ಮುಖ್ಯಾಧಿಕಾರಿಯ ಅನುಮತಿ ಬೇಕೆಂದು ವಿಧಿಸಿತು. ಈ ಕಾಯಿದೆಯ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ.

ಇದಕ್ಕಿಂತ ಬಿಗಿಯಾದುದು ಅಧಿಕೃತ ರಹಸ್ಯಗಳ ಕಾಯಿದೆ. ೧೮೮೯ರಲ್ಲಿ ಹುಟ್ಟಿ, ಕರ್ಜನನ ಕಾಲದಲ್ಲಿ ೧೯೦೪ರಲ್ಲಿ ತಿದ್ದುಪಡಿಗೊಂಡು, ೧೯೨೩ರಲ್ಲಿ ಇದು ಈಗಿನ ರೂಪ ತಾಳಿತು. ಅದರ ೫ನೆಯ ಕಲಮಿನ ವ್ಯಾಪ್ತಿ ಎಷ್ಟು ವಿಶಾಲವೆಂದರೆ, ಬೇಹುಗಾರಿಕೆಯ ಸೋಂಕೇ ಇಲ್ಲದ ಸಾಮಾನ್ಯ ಕಚೇರಿಯ ಕಾಗದವನ್ನೂ ಅದರೊಳಗೆ ಸೇರಿಸಬಹುದಾಗಿತ್ತು. ಇದೇ ಅವಧಿಯಲ್ಲಿ, ೧೮೯೧ರಲ್ಲಿ, ಕಲ್ಕತ್ತೆಯಲ್ಲಿ ಸಾಮ್ರಾಜ್ಯ ದಾಖಲೆಗಳ ಇಲಾಖೆ ಸ್ಥಾಪಿತವಾಯಿತು. ೧೯೧೯ರಲ್ಲಿ ಭಾರತೀಯ ಐತಿಹಾಸಿಕ ದಾಖಲೆಗಳ ಆಯೋಗ ರಚಿತವಾಯಿತು. ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಪತ್ರಾಗಾರವೆನಿಸಿದುದು ಈ ಇಲಾಖೆಯೇ. ಇತಿಹಾಸ ಸಂಶೋಧನೆ ಈ ಸಂಸ್ಥೆಗಳಿಗೆ ಋಣಿಯಾಗಿದೆ. ಆದರೆ ಅಲ್ಲಿ ಪ್ರವೇಶ ದೊರೆಯುವುದು ಸರ್ಕಾರದ ಅನುಗ್ರಹವಾಗಿತ್ತೇ ಹೊರತು ಪ್ರಜೆಯ ಹಕ್ಕಾಗಿರಲಿಲ್ಲ.

ಇದೇ ಕಾಲದ ಕಾನೂನು ಪ್ರಜೆಯ ಖಾಸಗಿ ಸಂಗತಿಯನ್ನು ಸಂಪೂರ್ಣ ಅಲಕ್ಷಿಸಿತೆನ್ನುವಂತಿಲ್ಲ. ಜನಗಣತಿಯ ಹಾಳೆಗಳನ್ನು ಯಾರೂ ಪರಿಶೀಲಿಸಕೂಡದು, ಅವನ್ನು ಸಾಮಾನ್ಯವಾಗಿ ಸಾಕ್ಷ್ಯವಾಗಿಯೂ ಬಳಸಕೂಡದು ಎಂದು ೧೯೪೮ರ ಜನಗಣತಿ ಕಾಯಿದೆಯ ೧೫ನೆಯ ಕಲಮು ನಿಷೇಧಿಸಿತು. ಉದ್ದೇಶ ಸ್ಪಷ್ಟವಾಗಿದೆ: ಹೇಳಿದ ಮಾತು ಹೊರಗೆ ಬೀಳುವುದಿಲ್ಲವೆಂಬ ನಂಬಿಕೆಯಿದ್ದರೆ ಮಾತ್ರ ಜನ ನಿಜ ಹೇಳುತ್ತಾರೆ. ಎಂದರೆ ಖಾಸಗಿತನವನ್ನು ಆಗ ಕಾಪಾಡಿದುದು ಸರ್ಕಾರದ ಲೆಕ್ಕ ಸರಿಯಾಗಿ ಬರಲೆಂದು. ಅದು ಪ್ರಜೆಯ ಸ್ವಂತ ಹಕ್ಕೆಂಬ ಭಾವನೆ ಇನ್ನೂ ಮೂಡಿರಲಿಲ್ಲ.

೪

ಸ್ವತಂತ್ರ ಭಾರತದಲ್ಲಿ ಎರಡು ಪ್ರಶ್ನೆಗಳೂ ಸರ್ವೋಚ್ಚ ನ್ಯಾಯಾಲಯದ ಮುಂದೆ ಬೇರೆಬೇರೆಯಾಗಿ ಬಂದವು. ೧೯೬೨ರಲ್ಲಿ ತೀರ್ಮಾನವಾದ ಖರಕ್ ಸಿಂಗ್ ಮೊಕದ್ದಮೆ ಒಂದು. ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾದವನೊಬ್ಬನ ಹೆಸರಿನಲ್ಲಿ ಉತ್ತರ ಪ್ರದೇಶದ ಪೊಲೀಸರು ಚರಿತ್ರೆಯ ಹಾಳೆಯನ್ನು ತೆರೆದು ರಾತ್ರಿ ಅವನ ಮನೆಯ ಬಾಗಿಲು ತಟ್ಟುತ್ತಿದ್ದರು. ರಾತ್ರಿಯ ಭೇಟಿಯನ್ನು ನ್ಯಾಯಾಲಯ ಅಕ್ರಮವೆಂದಿತು. ಆದರೆ ಖಾಸಗಿತನವು ಸಂವಿಧಾನ ಕೊಟ್ಟ ಹಕ್ಕಲ್ಲವೆಂದು ಬಹುಮತದ ತೀರ್ಪು ಹೇಳಿತು; ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಾಭಿಪ್ರಾಯವನ್ನು ಬರೆದರು. ಇನ್ನೊಂದು, ೧೯೭೫ರ ರಾಜ್ ನಾರಾಯಣ್ ಮೊಕದ್ದಮೆ. ಪ್ರಧಾನಮಂತ್ರಿಗಳ ಪ್ರವಾಸದ ಭದ್ರತೆಗೆ ಸಂಬಂಧಿಸಿದ ಪುಸ್ತಕವೊಂದನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆ ಎಂಬುದು ಅದರ ವಿವಾದ. ಸರ್ಕಾರದ ಅಧಿಕಾರಿಗಳು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದು ಕಾರ್ಯವನ್ನೂ ತಿಳಿಯುವ ಹಕ್ಕು ಈ ದೇಶದ ಜನರಿಗೆ ಉಂಟೆಂಬ ತತ್ತ್ವವನ್ನು ನ್ಯಾಯಮೂರ್ತಿ ಕೆ. ಕೆ. ಮ್ಯಾಥ್ಯೂ ಅವರು ಅಲ್ಲಿ ಪ್ರತಿಪಾದಿಸಿದರು.

ಎರಡು ಧಾರೆಗಳೂ ಒಂದೆಡೆ ಕೂಡಿದುದು ೧೯೯೪ರ ರಾಜಗೋಪಾಲ್ ಮೊಕದ್ದಮೆಯಲ್ಲಿ. ತಮಿಳುನಾಡಿನಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ಆತ್ಮಕಥೆಯನ್ನು ಪತ್ರಿಕೆಯೊಂದು ಪ್ರಕಟಿಸಹೊರಟಾಗ ಕಾರಾಗೃಹದ ಅಧಿಕಾರಿಗಳು ಅಡ್ಡಬಂದರು. ಪ್ರತಿಯೊಬ್ಬನಿಗೂ ತನ್ನ ಸಂಸಾರ, ವಿವಾಹ ಮೊದಲಾದ ಸಂಗತಿಗಳನ್ನು ಮರೆಯಲ್ಲಿಟ್ಟುಕೊಳ್ಳುವ ಹಕ್ಕುಂಟು. ಆದರೆ ಅದೇ ಸಂಗತಿ ಸಾರ್ವಜನಿಕ ದಾಖಲೆಯಲ್ಲಿದ್ದರೆ ಅದನ್ನು ಪ್ರಕಟಿಸುವುದು ತಪ್ಪಲ್ಲ. ಅತ್ಯಾಚಾರ, ಅಪಹರಣ ಮೊದಲಾದವುಗಳಿಗೆ ತುತ್ತಾದ ಸ್ತ್ರೀಯ ಹೆಸರನ್ನು ಮಾತ್ರ ದಾಖಲೆಯಲ್ಲಿದ್ದರೂ ಪ್ರಕಟಿಸಬಾರದು. ಅಧಿಕಾರಿಯು ತನ್ನ ಅಧಿಕೃತ ಕರ್ತವ್ಯದ ವಿಷಯದಲ್ಲಿ ಈ ಹಕ್ಕನ್ನು ಮುಂದೊಡ್ಡುವಂತಿಲ್ಲ: ಇವು ಆ ತೀರ್ಪಿನ ಸಾರ. ರಾಜರಹಸ್ಯಕ್ಕೂ ಖಾಸಗಿತನಕ್ಕೂ ನಡುವೆ ಗೆರೆ ಎಳೆಯುವ ಪ್ರಯತ್ನವನ್ನು ಇಲ್ಲಿ ಸ್ಪಷ್ಟವಾಗಿ ಕಾಣುತ್ತೇವೆ.

ಅದೇ ೧೯೯೪ರ ಡಿಸೆಂಬರಿನಲ್ಲಿ, ನ್ಯಾಯಾಲಯಗಳಿಂದ ದೂರದಲ್ಲಿ, ರಾಜಸ್ಥಾನದ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲನೆಯ ಜನಸುನವಾಯಿಯನ್ನು, ಎಂದರೆ ಬಹಿರಂಗ ವಿಚಾರಣೆಯನ್ನು, ನಡೆಸಿದರು. ಸರ್ಕಾರದ ಕಾಮಗಾರಿಗಳಲ್ಲಿ ದುಡಿದ ಕೂಲಿಗಾರರಿಗೆ ನಿಗದಿಯಾದ ಕೂಲಿ ಸಿಕ್ಕುತ್ತಿರಲಿಲ್ಲ. ಕೇಳಿದರೆ ಕೆಲಸ ಅಷ್ಟು ನಡೆದಿಲ್ಲವೆಂದು ಲೆಕ್ಕ ಹೇಳುತ್ತದೆಂಬ ಉತ್ತರ. ಲೆಕ್ಕ ತೋರಿಸಿ ಎಂದರೆ ಅದು ಸರ್ಕಾರದ ಕಾಗದವೆಂಬ ಉತ್ತರ. ಇಂತಹ ವಿಚಾರಣೆಗಳಲ್ಲಿ ಕೂಲಿಯ ಹಾಜರಿಪಟ್ಟಿಯನ್ನೂ ಸಾಮಗ್ರಿಯ ಬಿಲ್ಲುಗಳನ್ನೂ ಊರವರ ಮುಂದೆ ಗಟ್ಟಿಯಾಗಿ ಓದಿದರು. ಸತ್ತವರ ಹೆಸರಿನಲ್ಲಿಯೂ ಊರು ಬಿಟ್ಟವರ ಹೆಸರಿನಲ್ಲಿಯೂ ಕೂಲಿ ಬಟವಾಡೆಯಾಗಿರುವುದು ಕೇಳಿದವರಿಗೆ ತಿಳಿಯಿತು. ೧೯೯೬ರ ಏಪ್ರಿಲಿನಲ್ಲಿ ಬ್ಯಾವರ್ ಪಟ್ಟಣದಲ್ಲಿ ಪ್ರಾರಂಭವಾದ ಧರಣಿ ೪೦ ದಿನ ನಡೆಯಿತು. ಕಾಗದದ ನಕಲನ್ನು ಪಡೆಯುವ ಹಕ್ಕೇ ಅದರ ಬೇಡಿಕೆ.

ಹಾಜರಿಪಟ್ಟಿಯ ಸ್ವರೂಪವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಸರ್ಕಾರದ ಹಣ ವೆಚ್ಚವಾದುದಕ್ಕೆ ಅದು ಲೆಕ್ಕ. ಅದೇ ಸಮಯದಲ್ಲಿ ಬಡವರ ಹೆಸರು, ದುಡಿದ ದಿನ, ಪಡೆದ ಕೂಲಿ, ಹೆಬ್ಬೆಟ್ಟಿನ ಗುರುತು ಇವುಗಳ ಪಟ್ಟಿಯೂ ಹೌದು. ಹೆಸರುಗಳನ್ನು ಅಳಿಸಿ ಉಳಿದುದನ್ನು ಓದಿದ್ದರೆ ಮೋಸ ಹೊರಬೀಳುತ್ತಿರಲಿಲ್ಲ. ಸತ್ತವನ ಹೆಸರನ್ನು ಕೇಳಿದಾಗಲೇ ಊರವರು ‘ಅವನಿಲ್ಲ’ ಎನ್ನಲು ಸಾಧ್ಯ. ನಮ್ಮ ಪಹಣಿಯ ವಿಚಾರವೂ ಇಂಥದೇ. ಅದರಲ್ಲಿ ಒಡೆಯನ ಹೆಸರಿದೆ, ಬೆಳೆಯಿದೆ, ಭೂಮಿಯ ಮೇಲಿನ ಋಣವಿದೆ. ಭೂಮಿ ಯೋಜನೆಯಲ್ಲಿ ಕರ್ನಾಟಕದ ಸುಮಾರು ೨ ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿ, ತಾಲ್ಲೂಕು ಕಚೇರಿಯಲ್ಲಿ ಆರಂಭದ ದಿನಗಳಲ್ಲಿ ೧೫ ರೂಪಾಯಿಗೆ ನಕಲು ದೊರೆಯುವಂತಾದಾಗ, ಲೆಕ್ಕ ಬರೆಯುವವನ ಮನೆಯಲ್ಲಿ ಅಡಗಿದ್ದ ಬರೆಹ ಬಯಲಿಗೆ ಬಂದಿತು. ಹೆಸರಿಲ್ಲದ ಪಹಣಿಯಿಂದ ಯಾರಿಗೂ ಪ್ರಯೋಜನವಿಲ್ಲ.

೫

ಮಾಹಿತಿಯ ಹಕ್ಕಿನ ಶಾಸನಗಳು ಮೊದಲು ರಾಜ್ಯಗಳಲ್ಲಿ ಆದವು. ತಮಿಳುನಾಡು ಮತ್ತು ಗೋವಾ ೧೯೯೭ರಲ್ಲಿ, ರಾಜಸ್ಥಾನ ಮತ್ತು ಕರ್ನಾಟಕ ೨೦೦೦ದಲ್ಲಿ ಇವನ್ನು ಅಂಗೀಕರಿಸಿದುವು. ಇತ್ತ ಸಂಸತ್ತು ೧೯೯೩ರಲ್ಲಿ ಸಾರ್ವಜನಿಕ ದಾಖಲೆಗಳ ಕಾಯಿದೆಯನ್ನು ಮಾಡಿ, ಕೇಂದ್ರ ಸರ್ಕಾರದ ದಾಖಲೆಗಳನ್ನು ನಿಯಮ ಮೀರಿ ನಾಶಪಡಿಸುವುದನ್ನು ಅಪರಾಧವೆಂದು ಸಾರಿತ್ತು. ಪತ್ರಾಗಾರಕ್ಕೆ ಸೇರಿದ, ಗೋಪ್ಯವೆಂದು ವರ್ಗೀಕರಿಸದ, ೩೦ ವರ್ಷ ಮೀರಿದ ದಾಖಲೆಗಳನ್ನು ಸಂಶೋಧಕರಿಗೆ ತೆರೆಯಲು ಅವಕಾಶ ಕೊಟ್ಟಿತ್ತು. ೨೦೦೫ರ ಅಕ್ಟೋಬರ್ ೧೨ರಂದು ಮಾಹಿತಿ ಹಕ್ಕು ಕಾಯಿದೆ ದೇಶದಲ್ಲಿ ಪೂರ್ಣವಾಗಿ ಜಾರಿಗೆ ಬಂದಿತು.

ಈ ಕಾಯಿದೆಯ ಭಾರವನ್ನೆಲ್ಲ ಹೊತ್ತವನು ಸಾರ್ವಜನಿಕ ಮಾಹಿತಿ ಅಧಿಕಾರಿ. ಅರ್ಜಿದಾರನು ಕಾರಣ ಹೇಳಬೇಕಾಗಿಲ್ಲ. ಅಧಿಕಾರಿ ೩೦ ದಿನಗಳೊಳಗೆ, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ ೪೮ ಗಂಟೆಗಳೊಳಗೆ, ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ ೨೫೦ ರೂಪಾಯಿನಂತೆ ೨೫,೦೦೦ ರೂಪಾಯಿವರೆಗೆ ದಂಡವನ್ನು ಅವನೇ ತೆರಬೇಕು. ಕೇಳಿದ ಕಾಗದದಲ್ಲಿ ಕೊಡಬಾರದ ಭಾಗವಿದ್ದರೆ ೧೦ನೆಯ ಕಲಮಿನಂತೆ ಆ ಭಾಗವನ್ನು ಮರೆಮಾಡಿ ಉಳಿದುದನ್ನು ಕೊಡಬೇಕು. ಮೂರನೆಯ ವ್ಯಕ್ತಿಯೊಬ್ಬನು ಗೋಪ್ಯವೆಂದು ಒಪ್ಪಿಸಿದ ಸಂಗತಿಯಾದರೆ ೧೧ನೆಯ ಕಲಮಿನಂತೆ ೫ ದಿನಗಳೊಳಗೆ ಅವನಿಗೆ ತಿಳಿವಳಿಕೆ ಪತ್ರ ಕಳುಹಿಸಿ, ಅವನ ಆಕ್ಷೇಪಣೆಗೆ ೧೦ ದಿನಗಳ ಅವಕಾಶ ಕೊಟ್ಟು, ಆಮೇಲೆ ನಿರ್ಣಯಿಸಬೇಕು. ರಹಸ್ಯ ಕಾಯಿದೆಯು ಅಡ್ಡಿಯಾದರೆ ಅದಕ್ಕಿಂತ ಈ ಕಾಯಿದೆಯೇ ಮೇಲೆಂದು ೨೨ನೆಯ ಕಲಮು ಹೇಳುತ್ತದೆ.

ಖಾಸಗಿ ಸಂಗತಿಯ ವಿಷಯವಿದ್ದುದು ೮ನೆಯ ಕಲಮಿನ ಮೊದಲನೆಯ ಉಪಕಲಮಿನ ‘ಜೆ’ ಖಂಡದಲ್ಲಿ. ಸಾರ್ವಜನಿಕ ಕಾರ್ಯಕ್ಕೂ ಹಿತಕ್ಕೂ ಸಂಬಂಧವಿಲ್ಲದ, ಅಥವಾ ವ್ಯಕ್ತಿಯ ಖಾಸಗಿತನವನ್ನು ವಿನಾಕಾರಣ ಭಂಗಿಸುವ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಾಗಿಲ್ಲ. ವಿಶಾಲವಾದ ಸಾರ್ವಜನಿಕ ಹಿತವುಂಟೆಂದು ಅಧಿಕಾರಿಗೆ ಮನವರಿಕೆಯಾದರೆ ಅದನ್ನೂ ಕೊಡಬಹುದು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸಕೂಡದು. ಈ ಮೂರು ಮಾತುಗಳಲ್ಲಿ ತಕ್ಕಡಿಯೊಂದಿತ್ತು. ಕಾಗದದಲ್ಲಿ ಹೆಸರಿದೆಯೆಂಬುದರಿಂದ ಪ್ರಶ್ನೆ ಮುಗಿಯುತ್ತಿರಲಿಲ್ಲ. ಆ ಹೆಸರು ಅಲ್ಲಿ ಏತಕ್ಕೆ ಬಂದಿದೆಯೆಂದು ಅಧಿಕಾರಿ ಕೇಳಿಕೊಳ್ಳಬೇಕಾಗಿತ್ತು. ಆಸ್ಪತ್ರೆಯ ದಾಖಲೆಯಲ್ಲಿರುವ ರೋಗಿಯ ಹೆಸರು ಒಂದು, ಗುತ್ತಿಗೆಯ ಬಿಲ್ಲಿನಲ್ಲಿರುವ ಗುತ್ತಿಗೆದಾರನ ಹೆಸರು ಇನ್ನೊಂದು.

ತಕ್ಕಡಿ ಯಾವಾಗಲೂ ಸಮನಾಗಿ ತೂಗಿತೆಂದು ಹೇಳಲಾಗದು. ಸರ್ಕಾರಿ ನೌಕರನ ಸೇವಾ ವಿವರ, ಶಿಸ್ತಿನ ಜ್ಞಾಪನಗಳು, ಆಸ್ತಿಯ ವಿವರ ಇವು ಸಾಮಾನ್ಯವಾಗಿ ವೈಯಕ್ತಿಕವೆಂದು ಸರ್ವೋಚ್ಚ ನ್ಯಾಯಾಲಯ ೨೦೧೨ರಲ್ಲಿ ತೀರ್ಮಾನಿಸಿದ ಮೇಲೆ ಕಚೇರಿಗಳಲ್ಲಿ ನಿರಾಕರಣೆಗೆ ಆ ತೀರ್ಪು ಆಧಾರವಾಯಿತು. ೨೦೧೯ರ ನವೆಂಬರ್ ೧೩ರಂದು ಐವರು ನ್ಯಾಯಮೂರ್ತಿಗಳ ಪೀಠವು ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಈ ಕಾಯಿದೆಗೆ ಒಳಪಟ್ಟಿದೆಯೆಂದು ಹೇಳುವಾಗ, ತಿಳಿಯುವ ಹಕ್ಕನ್ನೂ ಖಾಸಗಿತನವನ್ನೂ ಪ್ರತಿ ಪ್ರಸಂಗದಲ್ಲಿ ತೂಗಿ ನೋಡಬೇಕೆಂದು ಮತ್ತೆ ಒತ್ತಿ ಹೇಳಿತು.

೬

ಖಾಸಗಿತನವು ಮೂಲಭೂತ ಹಕ್ಕೆಂದು ಸಿದ್ಧವಾದುದು ೨೦೧೭ರ ಆಗಸ್ಟ್ ೨೪ರಂದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಸಲ್ಲಿಸಿದ ಅರ್ಜಿಯಿಂದ ಬೆಳೆದ ಈ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳೂ ಏಕಮತದಿಂದ ತೀರ್ಪಿತ್ತರು. ಖರಕ್ ಸಿಂಗ್ ತೀರ್ಪಿನಲ್ಲಿ ಖಾಸಗಿತನವನ್ನು ನಿರಾಕರಿಸಿದ ಭಾಗವನ್ನು ಅವರು ತಳ್ಳಿಹಾಕಿದರು. ಈ ಹಕ್ಕನ್ನು ಸಾಧಿಸಿದುದು ಯಾರ ವಿರುದ್ಧ ಎಂಬುದನ್ನು ಮರೆಯಬಾರದು: ಪ್ರಜೆಯ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಸಂಗ್ರಹಿಸುತ್ತಿದ್ದ ಸರ್ಕಾರದ ವಿರುದ್ಧ.

ಇದರ ಫಲವಾಗಿ ಬಂದ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತನ್ನ ೪೪ನೆಯ ಕಲಮಿನ ಮೂರನೆಯ ಉಪಕಲಮಿನಿಂದ ಮಾಹಿತಿ ಹಕ್ಕು ಕಾಯಿದೆಯ ‘ಜೆ’ ಖಂಡವನ್ನೇ ಬದಲಿಸಿತು. ಈ ಬದಲಾವಣೆ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಈಗ ಆ ಖಂಡದಲ್ಲಿರುವುದು ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ ಎಂಬಷ್ಟೇ ಮಾತು. ಸಾರ್ವಜನಿಕ ಕಾರ್ಯದ ಪ್ರಸ್ತಾಪ, ವಿನಾಕಾರಣ ಭಂಗದ ಪ್ರಸ್ತಾಪ, ಶಾಸನಸಭೆಯ ಒರೆಗಲ್ಲು ಮೂರೂ ಬಿಟ್ಟುಹೋಗಿವೆ. ರಕ್ಷಿಸಬೇಕಾದ ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚಿನದಾದರೆ ಮಾಹಿತಿ ಕೊಡಬಹುದೆಂಬ ೮ನೆಯ ಕಲಮಿನ ಎರಡನೆಯ ಉಪಕಲಮು ಉಳಿದಿದೆ. ಇನ್ನು ತೂಗುವ ಕಾರ್ಯಕ್ಕೆ ಅದೇ ಆಧಾರ. ಆದರೆ ಒಂದು ಕಡೆ ದಿನಕ್ಕೆ ೨೫೦ ರೂಪಾಯಿಯ ದಂಡ, ಇನ್ನೊಂದು ಕಡೆ ದತ್ತಾಂಶ ಕಾಯಿದೆಯ ಅನುಸೂಚಿಯಲ್ಲಿ ಸಂಸ್ಥೆಗಳಿಗೆ ಗೊತ್ತುಪಡಿಸಿದ ೨೫೦ ಕೋಟಿ ರೂಪಾಯಿವರೆಗಿನ ದಂಡ. ಇವೆರಡರ ನಡುವೆ ಕುಳಿತ ಕೆಳದರ್ಜೆಯ ಅಧಿಕಾರಿ ಸಂದೇಹ ಬಂದಾಗ ಯಾವ ಕಡೆಗೆ ಒಲಿಯುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಾಜರಿಪಟ್ಟಿಯಲ್ಲಿರುವುದೆಲ್ಲ ವೈಯಕ್ತಿಕ ಮಾಹಿತಿಯೇ ಎಂದು ಅವನು ಬರೆದರೆ ಖಂಡದ ಅಕ್ಷರಾರ್ಥಕ್ಕೆ ಅದು ವಿರೋಧವಾಗುವುದಿಲ್ಲ. ಪ್ರಜೆ ಸರ್ಕಾರದ ವಿರುದ್ಧ ಗೆದ್ದುಕೊಂಡ ಹಕ್ಕನ್ನು ಸರ್ಕಾರವೇ ತನ್ನ ರಹಸ್ಯಕ್ಕೆ ಹೊದಿಕೆಯಾಗಿ ಬಳಸಲು ಆಗ ಅವಕಾಶವಾಗುತ್ತದೆ.

೭

ಖಾಸಗಿತನದ ರಕ್ಷಣೆ ಬೇಡವೆಂಬುದು ಈ ಇತಿಹಾಸದ ಪಾಠವಲ್ಲ. ಕಂಪ್ಯೂಟರಿನ ಕಾಲದಲ್ಲಿ ಒಂದೂರಿನ ಪಟ್ಟಿ ಕ್ಷಣಮಾತ್ರದಲ್ಲಿ ಲೋಕಕ್ಕೆಲ್ಲ ಹರಡಬಹುದು. ಹಾಜರಿಪಟ್ಟಿಯನ್ನು ಊರವರ ಮುಂದೆ ಓದುವುದಕ್ಕೂ, ಅದರಲ್ಲಿರುವ ಬ್ಯಾಂಕಿನ ಖಾತೆಯ ಸಂಖ್ಯೆಯನ್ನು ಪ್ರಕಟಿಸುವುದಕ್ಕೂ ಅಂತರವಿದೆ. ಆ ಅಂತರವನ್ನು ಕಾಪಾಡಲು ೧೦ನೆಯ ಕಲಮಿನ ಉಪಾಯ ಸಾಕು: ಸಂಖ್ಯೆಗೆ ಮಸಿ ಬಳಿದು ಹೆಸರನ್ನೂ ಮೊತ್ತವನ್ನೂ ಉಳಿಸಬಹುದು. ಇಂತಹ ವಿವೇಕ ಶಾಸನದ ಅಕ್ಷರದಿಂದ ತಾನಾಗಿ ಬರುವುದಿಲ್ಲ. ಕಡತವನ್ನು ಓದಿ, ತೂಗಿ, ನಿರಾಕರಿಸಿದರೆ ಕಾರಣವನ್ನು ಬರೆದಿಡುವ ಅಧಿಕಾರಿಯಿಂದ ಬರಬೇಕು.

ಇತಿಹಾಸದ ವಿದ್ಯಾರ್ಥಿಗಳಿಗೆ ಮುಖ್ಯವಾದ ಒಂದು ಅಂಶವನ್ನು ಹೇಳಿ ಮುಗಿಸಬಹುದು. ಮಾಹಿತಿ ಹಕ್ಕು ಕಾಯಿದೆಯ ೮ನೆಯ ಕಲಮಿನ ಮೂರನೆಯ ಉಪಕಲಮು ೨೦ ವರ್ಷ ಹಿಂದೆ ನಡೆದ ಸಂಗತಿಯ ಮಾಹಿತಿಯನ್ನು ಕೊಡಬೇಕೆನ್ನುತ್ತದೆ. ಅದಕ್ಕೆ ದೇಶದ ಭದ್ರತೆ, ಶಾಸನಸಭೆಯ ಹಕ್ಕುಬಾಧ್ಯತೆ, ಮಂತ್ರಿಮಂಡಲದ ಕಾಗದಪತ್ರ ಇವುಗಳನ್ನು ಕುರಿತ ‘ಎ’, ‘ಸಿ’, ‘ಐ’ ಎಂಬ ಮೂರು ಖಂಡಗಳ ಅಪವಾದ ಮಾತ್ರ ಉಂಟು. ‘ಜೆ’ ಖಂಡ ಆ ಅಪವಾದಗಳಲ್ಲಿ ಸೇರಿಲ್ಲ. ಕಾಲವೂ ಒಂದು ತಕ್ಕಡಿಯೆಂಬುದನ್ನು ಶಾಸನಕರ್ತರು ಅರಿತಿದ್ದರು. ಈ ಉಪಕಲಮನ್ನು ೨೦೨೩ರ ಕಾಯಿದೆ ಮುಟ್ಟಿಲ್ಲ. ಆದರೆ ೨೦ ವರ್ಷಗಳ ಬಳಿಕ ಕೇಳಲು ಕಾಗದ ಉಳಿದಿರಬೇಕು. ದಾಖಲೆಗಳನ್ನು ವರ್ಗೀಕರಿಸಿ ಸೂಚಿ ತಯಾರಿಸಬೇಕೆಂದು ಅದೇ ಕಾಯಿದೆಯ ೪ನೆಯ ಕಲಮು ಎಲ್ಲ ಕಚೇರಿಗಳಿಗೂ ವಿಧಿಸಿದೆ. ಸಂಶೋಧಕರೂ ಅಧ್ಯಾಪಕರೂ ತಮ್ಮ ತಮ್ಮ ಜಿಲ್ಲೆಗಳಲ್ಲಿ ಮೊದಲು ಕೇಳಬೇಕಾದುದು ಆ ಸೂಚಿಯನ್ನು. ಕಡತ ಇದೆಯೆಂಬುದೇ ತಿಳಿಯದಿದ್ದರೆ, ಅದು ರಾಜರಹಸ್ಯವೋ ಪ್ರಜೆಯ ಖಾಸಗಿತನವೋ ಎಂಬ ಚರ್ಚೆಗೆ ಎಡೆಯೇ ಇರುವುದಿಲ್ಲ.